ನಮ್ಮ ಕಾಕಾ ಮತ್ತು ಬೇಸಿಗೆಯ ಮೈಕು

ನಮ್ಮ ಕಾಕಾ ಒಂದು ಲೋಟ ನೀರು ಕೇಳಬೇಕಾದರೂ ಮೂರು ಭಾಷೆಗಳಲ್ಲಿ ಕೇಳುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನ್ನದೇನೂ ಒತ್ತಾಯವಿಲ್ಲ! ಆದರೆ ಯಾವಾಗಲಾದರೂ ಪುಣೆಗೆ ಬಂದರೆ, ಯೆರವಡಾ ದಾಟಿ ವಿಮಾನ ನಗರ ಮುಟ್ಟುವ ಮೊದಲು ಸಿಗುವ ನಮ್ಮ ಕಾಲನಿಯಲ್ಲಿ ಯಾರನ್ನಾದರೂ ನಿಲ್ಲಿಸಿ, 'ಆ ಮೈಕಿನ ಆಜೋಬಾರ ಮನೆ ಯಾವುದು?' ಎಂದು ಕೇಳಿ ನೋಡಿ; ಆಜೋಬಾ ಎಂದರೆ ಮರಾಠಿಯಲ್ಲಿ ಅಜ್ಜ. ಕೇಳಿಸಿಕೊಂಡವರು ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಇಷ್ಟು ವರ್ಷಗಳಲ್ಲಿ ನಗದೆ ದಾರಿ ತೋರಿಸಿದವರನ್ನು ನಾನಂತೂ ಕಂಡಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗದಗಿನ ಕಡೆಯಿಂದ ಬಂದ ಈ ಅಣ್ಣತಮ್ಮಂದಿರಿಬ್ಬರೂ ಪುಣೆಯಲ್ಲಿ ಒಂದೇ ಕಟ್ಟಡದಲ್ಲಿ ಕೆಳಗೊಂದು, ಮೇಲೊಂದು ಮನೆ ಹಿಡಿದು ಸಂಸಾರ ಹೂಡಿದವರು. ಕಾಕಾನಿಗೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೋಣೆಯಲ್ಲಿ ನೌಕರಿ. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡ, ಏನು ಕಥೆ ಎನ್ನುವುದನ್ನು ಮರಾಠಿಯಲ್ಲೊಮ್ಮೆ, ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೇಳುವುದು ಅವರ ಕೆಲಸ. ದಿನಕ್ಕೆ ಎಂಟು ತಾಸು ಹೀಗೆ ಹೇಳಿ ಹೇಳಿ ಅವರ ಗಂಟಲಿಗೆ ಮಾತು ಬೇರೆ ರೀತಿಯಲ್ಲಿ ಆಡಲು ಬರದಂತಾಯಿತು. ಮನೆಯಲ್ಲೂ ಅದೇ ಲಯ, ಅದೇ ಗಾಂಭೀರ್ಯ. ಇಂಗ್ಲಿಷಿನ ಜಾಗದಲ್ಲಿ ಕನ್ನಡ ಬಂದಿತು, ಅಷ್ಟೇ ವ್ಯತ್ಯಾಸ.

"ಕೃಪಯಾ ಲಕ್ಷ ದ್ಯಾ," ಎಂದು ಮರಾಠಿಯಲ್ಲಿ ಎಲ್ಲರ ಗಮನ ಬೇಡಿ, ಊಟದ ತಾಟಿನ ಮುಂದೆ ಕೂತು ಶುರುಮಾಡುವರು. "ಅಡಿಗಿ ಮನೀಂದ ಬರೂ ಬಿಸಿ ರೊಟ್ಟಿ ತನ್ನ ವ್ಯಾಳ್ಯಾಕ್ಕಿಂತ ಇಪ್ಪತ್ತು ನಿಮಿಷ ತಡಾ ಆಗಿ ಬರ್ಲಿಕ್ಕತ್ತದ. ಆದ ತೊಂದರಿಗೆ ನಮಗ ಖೇದ ಅದ."

ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕುವಿನ ಉತ್ತರ ಬರುವುದಕ್ಕೆ ಮಾತ್ರ ಒಂದು ನಿಮಿಷವೂ ತಡವಾಗುತ್ತಿರಲಿಲ್ಲ. "ಖೇದ ಆಮ್ಯಾಲ ಪಡ್ರಿ. ಮೊದ್ಲ ಎದ್ದು ಬಂದು ಆ ಮ್ಯಾಲಿನ ಹಿಟ್ಟಿನ ಡಬ್ಬಿ ಇಳಿಸಿ ಕೊಡ್ರಿ!"

ಇಂಥ ಕಾಕಾನಿಗೆ ವರ್ಷದಲ್ಲಿ ಹತ್ತು ದಿನ ಹಬ್ಬ. ದೀಪಾವಳಿಯಲ್ಲ, ಗಣಪತಿಯೂ ಅಲ್ಲ. ಮೇ ತಿಂಗಳಲ್ಲಿ ನಮ್ಮ ಕಾಲನಿಯ ತೋಟದಲ್ಲಿ ನಡೆಯುವ ಬೇಸಿಗೆ ಶಿಬಿರ! ಪರೀಕ್ಷೆ ಮುಗಿದ ಮಕ್ಕಳೆಲ್ಲ ಬೆಳಗ್ಗೆ ಆರೂವರೆಗೆ ಹಲ್ಲುಜ್ಜಿದರೋ ಇಲ್ಲವೋ ಎಂಬ ಸ್ಥಿತಿಯಲ್ಲಿ ತೋಟಕ್ಕೆ ಬಂದು ನಿಲ್ಲಬೇಕು. ಬಿಸಿಲು ಏರುವವರೆಗೆ ಆಟ, ಬಿಸಿಲು ಏರಿದ ಮೇಲೆ ಮಂಟಪದ ಕೆಳಗೆ ಚಿತ್ರ ಬಿಡಿಸುವುದು, ಮಣ್ಣಿನ ಗಣಪ, ಕಾಗದದ ಹೂವು. ಸಂಜೆ ಓಟದ ಪಂದ್ಯ, ವೇಷ, ಹಾಡು. ಕೊನೆಯ ದಿನ ಆನಂದಮೇಳ. ಆವತ್ತು ಪ್ರತಿ ಮನೆಯವರೂ ಒಂದೊಂದು ಮೇಜು ಹಾಕಿ ಭೇಳ, ವಡಾಪಾವ್, ಕೋಕಮ್ ಶರಬತ್ತು, ಮಾವಿನಕಾಯಿ ಬೇಯಿಸಿ ಬೆಲ್ಲ ಹಾಕಿ ಕದಡಿದ ಪನ್ಹೆ, ಇವನ್ನೆಲ್ಲ ಮಾಡಿ ಇಡುವರು. ನಮ್ಮ ಕಾಕುವಿನದು ಗಿರ್ಮಿಟ್ಟು. ಚುರಮುರಿಗೆ ಹುಣಸೆಹುಳಿ, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಕಲಸಿದ್ದನ್ನು ಮರಾಠಿ ಜನ 'ಇದೇನು ಭೇಳವೇ?' ಎಂದು ಕೇಳಿಬಿಟ್ಟರೆ ಮುಗಿಯಿತು. ಅವರಿಗೆ ಕಾಕು ಅದನ್ನು ತಿನ್ನಿಸದೆ, ಮೆಣಸಿನಕಾಯಿ ಭಜಿಯನ್ನೂ ಕಚ್ಚಿಸದೆ, 'ಬೇರೆಯೇ ಇದೆ' ಎಂದು ಒಪ್ಪಿಸದೆ ಬಿಟ್ಟದ್ದೇ ಇಲ್ಲ.

ಈ ಶಿಬಿರಕ್ಕೆ ಮೈಕು ಯಾರು ಹಿಡಿಯಬೇಕು ಎಂಬ ಪ್ರಶ್ನೆ ಅಂದು ಯಾರ ಮನಸ್ಸಿಗೂ ಬರಲಿಲ್ಲ. ಸೂರ್ಯ ಯಾಕೆ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಸಭೆ ಕರೆಯುತ್ತಾರೆಯೇ? ಕಾಕಾ ಸಾಲುಸಾಲಾಗಿ ಹತ್ತು ದಿನ ರಜೆ ಹಾಕುವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಕಲ್ಲುಸಕ್ಕರೆ ಮತ್ತು ಲವಂಗ ಇಟ್ಟುಕೊಂಡು, ಬೆಳಗ್ಗೆ ಆರಕ್ಕೇ ಮೈಕಿನ ಮುಂದೆ ಹಾಜರು.

ನನಗೆ ನೆನಪಿರುವ ಮೊದಲ ಓಟದ ಪಂದ್ಯವನ್ನೇ ಹೇಳುತ್ತೇನೆ, ಕೇಳಿ. ನಾವು ಎಂಟು ಹುಡುಗಿಯರು ಸುಣ್ಣದ ಗೆರೆಯ ಹಿಂದೆ ಒಂದು ಮೊಣಕಾಲು ಮಡಚಿ, ಕೈ ನೆಲಕ್ಕೆ ಊರಿ ಕೂತಿದ್ದೇವೆ. ಕಾಕಾ "ತಯಾರ್..." ಎಂದರು. ಅಷ್ಟರಲ್ಲಿ ತಲೆಯ ಮೇಲೆ ವಿಮಾನ. ಲೋಹಗಾಂವದ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು ನಮ್ಮ ಕಾಲನಿಯ ನೀರಿನ ಟ್ಯಾಂಕಿಗೆ ಹೊಟ್ಟೆ ತಾಗಿಸಿಕೊಂಡೇ ಇಳಿಯುತ್ತವೆ ಎಂದು ಆಗ ನಾವು ಗಟ್ಟಿಯಾಗಿ ನಂಬಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಆ ಸದ್ದಿನಲ್ಲೇ ಸೀಟಿ ಊದಿ ಓಡಿಸಿಬಿಡುತ್ತಿದ್ದರು. ಕಾಕಾ ರೈಲ್ವೆಯವರು! ವಿಮಾನದ ಸದ್ದಿನ ಮೇಲೆ ತಮ್ಮ ದನಿ ಏರಿಸುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಒಂದು ಬೆರಳನ್ನು ಆಕಾಶಕ್ಕೆ ಎತ್ತಿ, ಕಣ್ಣು ಮುಚ್ಚಿ ನಿಂತುಬಿಟ್ಟರು. ವಿಮಾನ ಹೋಯಿತು. ಬಾಯಿ ತೆರೆದರು, ಇನ್ನೊಂದು ಬಂತು. ಮತ್ತೆ ಬೆರಳು. ನಮ್ಮ ಕಾಲಿಗೆ ಜೋಮು ಹಿಡಿಯಿತು. ಕೊನೆಗೆ ಸೀಟಿ ಊದಿದಾಗ ಎಂಟು ಹುಡುಗಿಯರಲ್ಲಿ ಆರು ಮಂದಿ ಎದ್ದ ಜಾಗದಲ್ಲೇ ಕುಸಿದರು. ನಾನು ಕುಸಿಯಲಿಲ್ಲ, ಕುಂಟುತ್ತ ಹೊರಟೆ. ಆಗ ಇಡೀ ಕಾಲನಿಗೆ ಕೇಳುವಂತೆ ಘೋಷಣೆ ಬಂತು: "ಮೂರನೇ ಸಾಲಿನ ಮ್ಯಾಲೆ ಬರ್ಲಿಕ್ಕತ್ತಿರೂ ನಮ್ಮ ಅಣ್ಣನ ಮಗಳು, ಭಾಳ ತಡಾ ಆಗಿ ಓಡ್ಲಿಕ್ಕತ್ತಾಳ. ಅಕೀನ್ನ ಕರಕೊಂಡ ಹೋಗ್ಲಿಕ್ಕೆ ಬಂದವರು ಅಲ್ಲೇ ನೆರಳಿಗೆ ಕುಂದರ್ರಿ!"

ಇದನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದರು. ನನ್ನ ಮಾನವನ್ನು ಒಂದೇ ಭಾಷೆಯಲ್ಲಿ ಕಳೆದಿದ್ದರೆ ಸಾಕಾಗುತ್ತಿರಲಿಲ್ಲವೇ? ಆಮೇಲೆ ಎಷ್ಟೋ ವರ್ಷ ಕಾಯಿಪಲ್ಲೆ ತರಲು ಹೋದರೂ ಆ ಅಂಗಡಿಯ ಮೌಶಿ ನನ್ನನ್ನು 'ಲೇಟ್ ಗಾಡಿ' ಎಂದೇ ಕರೆಯುತ್ತಿದ್ದಳು.

ಇನ್ನೊಂದು ವರ್ಷ ಕುರ್ಚಿ ಆಟದ ಹೊತ್ತಿಗೆ ಟೇಪ್ ರೆಕಾರ್ಡರ್ ಕೆಟ್ಟಿತು. ಹಾಡಿಲ್ಲದೆ ಕುರ್ಚಿ ಆಟ ಹೇಗೆ? ಸಂಘಟಕರು ತಲೆ ಮೇಲೆ ಕೈ ಹೊತ್ತು ಕೂತಾಗ ಕಾಕಾ, "ಹಾಡು ಯಾಕ ಬೇಕ್ರಿ?" ಎಂದು ಮೈಕು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪುಣೆಯಿಂದ ಹುಬ್ಬಳ್ಳಿಯವರೆಗಿನ ಸ್ಟೇಷನ್ನುಗಳ ಹೆಸರನ್ನು ರಾಗವಾಗಿ ಹೇಳತೊಡಗಿದರು. ಜೇಜೂರಿ, ನೀರಾ, ಲೋಣಂದ, ವಾಠಾರ, ಸಾತಾರಾ... ನಾವು ಕುರ್ಚಿಗಳ ಸುತ್ತ ಓಡುತ್ತಿದ್ದೇವೆ. ಕೊರೇಗಾಂವ, ರಹಿಮತಪುರ, ಕರಾಡ, ಸಾಂಗಲಿ, ಮಿರಜ. ಗಪ್! ಎಲ್ಲರೂ ಕುರ್ಚಿಗಳ ಮೇಲೆ ಬಿದ್ದೆವು. ಎರಡನೇ ಸುತ್ತು: ಸಾತಾರಾ, ಕರಾಡ, ಸಾಂಗಲಿ, ಮಿರಜ. ಗಪ್. ಮೂರನೆಯದೂ ಹಾಗೆಯೇ. ನನ್ನ ಗೆಳತಿಯೊಬ್ಬಳು ಮೆಲ್ಲಗೆ ನನ್ನ ಕಿವಿಯಲ್ಲಿ, "ತುಝೇ ಕಾಕಾ ಮಿರಜಲಾಚ್ ಥಾಂಬತಾತ ಗ!" ಎಂದಳು. ನಿಮ್ಮ ಕಾಕಾ ನಿಲ್ಲುವುದು ಮಿರಜಿನಲ್ಲೇ ಕಣೇ! ಆಮೇಲೇನು, ಸಾಂಗಲಿ ಬಂತೆಂದರೆ ಇಬ್ಬರೂ ಕುರ್ಚಿಯ ಬೆನ್ನು ಹಿಡಿದು ನಿಲ್ಲುವುದು, ಮಿರಜ ಎಂದರೆ ಕೂರುವುದು. ಅವಳಿಗೆ ಮೊದಲ ಬಹುಮಾನ, ನನಗೆ ಎರಡನೆಯದು. ನನ್ನ ಜೀವನದ ಏಕಮಾತ್ರ ಕ್ರೀಡಾ ಸಾಧನೆ!

ಮನೆಗೆ ಬಂದ ಮೇಲೆ ಕೇಳಿದೆ, "ಕಾಕಾ, ಪ್ರತಿ ಸಲ ಮಿರಜಿಗೇ ಯಾಕೆ ನಿಂತಿರಿ?"

ಕಾಕಾ ನನ್ನನ್ನು ಅಜ್ಞಾನಿಯನ್ನು ನೋಡುವಂತೆ ನೋಡಿದರು. "ಮತ್ತ? ಮಿರಜಿಗೆ ಗಾಡಿ ನಿಲ್ಲಂಗಿಲ್ಲೇನು? ಅಲ್ಲೆ ಎಂಜಿನ್ನಿಗೂ ನೀರು ಬೇಕು, ಮನಶ್ಯಾಗೂ ಚಹಾ ಬೇಕು."

ಆ ದಿನಗಳ ಮಧ್ಯಾಹ್ನಗಳೇ ಬೇರೆ. ಹೆಂಗಸರೆಲ್ಲ ಗಚ್ಚಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ, ಹಪ್ಪಳ, ಕುರಡಿ ಒಣಹಾಕುತ್ತಿದ್ದರು. ಕಾಯುವ ಕೆಲಸ ನಮಗೆ. ನಾವು ಕಾಯುವುದಕ್ಕಿಂತ ಹಸಿ ಹಿಟ್ಟು ತಿನ್ನುವುದೇ ಹೆಚ್ಚು. ಕೆಳಗೆ ತೋಟದಲ್ಲಿ ಮೈಕಿನ ಎದುರು ಕೂತ ಕಾಕಾನಿಗೆ ಇದೂ ತನ್ನ ವ್ಯಾಪ್ತಿಗೆ ಬರುವ ವಿಷಯ ಎನಿಸಿತು. ಚಿತ್ರಸ್ಪರ್ಧೆಯ ಮಧ್ಯೆ, ಮಕ್ಕಳೆಲ್ಲ ತಲೆ ತಗ್ಗಿಸಿ ಬಣ್ಣ ಹಚ್ಚುತ್ತಿರುವಾಗ, ಗಂಭೀರ ದನಿಯೊಂದು ಏಳುತ್ತಿತ್ತು: "ಮೂರನೇ ಬಿಲ್ಡಿಂಗಿನ ಗಚ್ಚೀ ಮ್ಯಾಲ ಎರಡು ಕಾಗಿ ಬಂದು ನಿಂತಾವ. ಸಂಬಂಧಪಟ್ಟವರು ಕೂಡಲೇ ಮ್ಯಾಲ ಹೋಗ್ರಿ." ಸಂಬಂಧಪಟ್ಟವರು ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರು. ಕಾಕಾನಿಂದಾಗಿ ನಮ್ಮ ಕಾಲನಿಯ ಸಂಡಿಗೆಗೆ ಎಷ್ಟು ರಕ್ಷಣೆ ಸಿಕ್ಕಿತೋ ಅಷ್ಟು ಇನ್ನು ಯಾರಿಗೂ ಸಿಕ್ಕಿರಲಾರದು.

ಆದರೆ ಹಲ್ಲಿನ ಸೆಟ್ಟಿನ ಪ್ರಸಂಗ ಹೇಳದಿದ್ದರೆ ಕಾಕಾನ ಚರಿತ್ರೆ ಅಪೂರ್ಣ. ಒಂದು ಆನಂದಮೇಳದಲ್ಲಿ ಪನ್ಹೆಯ ಮೇಜಿನ ಹತ್ತಿರ, ಕೈ ತೊಳೆಯುವಲ್ಲಿ, ಯಾರೋ ತೆಗೆದಿಟ್ಟ ಕಟ್ಟಿಸಿದ ಹಲ್ಲು ಸಿಕ್ಕಿತು. ಸಿಕ್ಕ ವಸ್ತುವನ್ನು ಏನು ಮಾಡಬೇಕು? ಮೈಕಿಗೆ ತಲುಪಿಸಬೇಕು! ಕಾಕಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದುರಿಗಿಟ್ಟುಕೊಂಡು, "ಮ್ಯಾಲಿನ ಸಾಲಿನ ಹಲ್ಲು, ಸುಸ್ಥಿತಿಯೊಳಗ ಸಿಕ್ಕದ. ಕಳಕೊಂಡವರು ಬಂದು, ಬಾಯಿಂದ ಗುರುತು ಹೇಳಿ ತಗೊಂಡು ಹೋಗ್ರಿ" ಎಂದು ಮೂರು ಭಾಷೆಗಳಲ್ಲಿ ಸಾರಿದರು. ಹಲ್ಲಿಲ್ಲದವರು ಬಾಯಿಂದ ಗುರುತು ಹೇಳುವುದು ಹೇಗೆ? ಮೇಳವೆಲ್ಲ ಪಕ್ಕದವರ ಬಾಯಿ ನೋಡತೊಡಗಿತು. ಯಾರೂ ನಗುವಂತಿಲ್ಲ, ನಗದೆ ಬಾಯಿ ಮುಚ್ಚಿಕೊಂಡವರ ಮೇಲೂ ಅನುಮಾನ! ಅರ್ಧ ತಾಸಿನ ಮೇಲೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಪಂಚೆಯ ತುದಿಯಿಂದ ಬಾಯಿ ಮುಚ್ಚಿಕೊಂಡು ವೇದಿಕೆಯ ಹಿಂದಿನಿಂದ ಬಂದು ಕಾಕಾನ ಭುಜ ತಟ್ಟಿದರು. ಕಾಕಾ ಮೈಕನ್ನು ಅವರ ಮುಂದೆ ಹಿಡಿದು, "ಹೇಳ್ರಿ ಸರ್, ಗುರುತು" ಎಂದರು. ಮುಂದಿನ ಎರಡು ವರ್ಷ ಆ ಮಾಸ್ತರರು ನಮ್ಮ ಕಟ್ಟಡದ ಮುಂದಿನ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ಓಡಾಡಿದರು.

ಹೀಗೆ ಬೇಸಿಗೆಗಳು ಬಂದವು, ಹೋದವು. ಸ್ಟೇಷನ್ನಿಗೆ ಕಂಪ್ಯೂಟರು ಬಂತು. ಯಾವುದೋ ಹೆಣ್ಣು ದನಿ ಗಾಡಿಗಳ ಹೆಸರು ಹೇಳತೊಡಗಿತು. ಕಾಕಾ ಕೊನೆಯ ಕೆಲವು ವರ್ಷ ಗುಂಡಿ ಒತ್ತುವ ಕೆಲಸ ಮಾಡಿ ನಿವೃತ್ತರಾದರು. ನಾನು ಓದಿದೆ, ವಿಮಾನ ನಗರದ ಒಂದು ಆಫೀಸಿನಲ್ಲಿ ನೌಕರಿ ಹಿಡಿದೆ, ಮದುವೆಯಾಗಿ ಅದೇ ಕಾಲನಿಯ ಇನ್ನೊಂದು ಕಟ್ಟಡಕ್ಕೆ ಹೋದೆ. ಮಗಳು ಹುಟ್ಟಿದಳು. ಅವಳಿಗೆ ಶಾಲೆಯಲ್ಲಿ ಸಾನ್ವಿ ಎಂದು ಹೆಸರು, ಮನೆಯಲ್ಲಿ ಚಿಮಣಿ. ಬೆಂಗಳೂರಿನವರಿಗೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪ ನೆನಪಾಗುತ್ತದೆ. ಪುಣೆಯಲ್ಲಿ ಚಿಮಣಿ ಎಂದರೆ ಗುಬ್ಬಿ. ಕಾಲನಿಯ ಸುತ್ತಲಿನ ಬಯಲಿನಲ್ಲಿ ಗಾಜಿನ ಕಟ್ಟಡಗಳೂ ಮಾಲುಗಳೂ ಎದ್ದವು. ಗಚ್ಚಿಗಳ ಮೇಲೆ ಸಂಡಿಗೆ ಹಾಸುವವರು ಕಡಿಮೆಯಾದರು. ಕಾಗೆಗಳಿಗೂ ಬೇಸರವಾಗಿರಬೇಕು, ಅವೂ ಬರುವುದು ಬಿಟ್ಟವು. ಬೇಸಿಗೆ ಶಿಬಿರ ಮಾತ್ರ ಹಾಗೂ ಹೀಗೂ ಉಳಿಯಿತು. ಕಾಕಾನ ಮೈಕೂ ಉಳಿಯಿತು.

ಉಳಿಯಿತು ಎಂದೆ, ಆ ಒಂದು ವರ್ಷದವರೆಗೆ.

ಆ ವರ್ಷ ಕಾಲನಿಯ ಸಮಿತಿಗೆ ಹೊಸ ಕಾರ್ಯದರ್ಶಿ ಬಂದಿದ್ದ. ಮೈಸೂರಿನ ಕಡೆಯ ಹುಡುಗ, ಐಟಿಯಲ್ಲಿ ಕೆಲಸ, ಕೆಟ್ಟವನೇನೂ ಅಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಕಾಕಾನ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, "ಅಂಕಲ್, ತಪ್ಪು ತಿಳ್ಕೋಬೇಡಿ" ಎಂದು ಶುರುಮಾಡಿದ. "ಈ ಸಲ ಒಬ್ಬ ಪ್ರೊಫೆಷನಲ್ ಆಂಕರ್‌ನ ಕರೆಸ್ತಾ ಇದೀವಿ. ಸೌಂಡು, ಲೈಟು ಎಲ್ಲಾ ಅವರದ್ದೇ. ಮಕ್ಕಳಿಗೆ ಸ್ವಲ್ಪ ಎನರ್ಜಿ ಬೇಕಲ್ವಾ? ನೀವು ಆರಾಮಾಗಿ ಫಸ್ಟ್ ರೋನಲ್ಲಿ ಕೂತ್ಕೊಂಡು ಎಂಜಾಯ್ ಮಾಡಿ."

ನಾನು ಅಲ್ಲೇ ಇದ್ದೆ. ಕಾಕಾ ನಕ್ಕರು. "ಭಾಳ ಛಲೋ ಆತು ಬಿಡ್ರಿ. ನನಗೂ ಗಂಟಲು ಈಗೀಗ ಕೈ ಕೊಡ್ಲಿಕ್ಕತ್ತಿತ್ತು. ನಾನಽ ಹೇಳಾಂವಿದ್ದೆ."

ಸುಳ್ಳು! ಹದಿನೈದು ದಿನದಿಂದ ಅವರು ಬೆಳಗ್ಗೆ ಸಂಜೆ ಉಪ್ಪುನೀರು ಗುಳುಗುಳು ಮಾಡುತ್ತಿದ್ದುದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಬಿಳಿ ಅಂಗಿಗಳು ಇಸ್ತ್ರಿಯಾಗಿ ಬಂದು ಮಂಚದ ಮೇಲೆ ಕೂತಿದ್ದವು.

ಮಾರನೆಯ ದಿನ ಕಾಕು ನನಗೆ ಫೋನು ಮಾಡಿದಳು. ದನಿಯಲ್ಲಿ ಗಾಬರಿ. "ತಂಗಿ, ನಿಮ್ಮ ಕಾಕಾ ಇವತ್ತ ಬರೇ ಕನ್ನಡದಾಗ ನೀರು ಕೇಳಿದ್ರವಾ. ಒಮ್ಮೆ ಅಷ್ಟ. ಜ್ವರ ಗಿರ ಬಂದಾವೇನು, ಒಂಚೂರು ಬಂದು ನೋಡಿ ಹೋಗಽ."

ಜ್ವರವಿರಲಿಲ್ಲ. ಕಾಕಾ ಪೇಪರು ಓದುತ್ತಿದ್ದರು. ಒಂದೇ ಪುಟವನ್ನು ಬಹಳ ಹೊತ್ತು ಓದುತ್ತಿದ್ದರು.

ಶಿಬಿರ ಶುರುವಾಯಿತು. ಕಾಕಾ ಒಂಬತ್ತು ದಿನ ತೋಟದ ಕಡೆ ಕಾಲು ಹಾಕಲಿಲ್ಲ. ಹತ್ತನೆಯ ದಿನದ ಆನಂದಮೇಳಕ್ಕೆ ಕಾಕು, "ಗಿರ್ಮಿಟ್ಟಿನ ಬುಟ್ಟಿ ಹೊರಲಿಕ್ಕೆ ನನಗ ಆಗಂಗಿಲ್ಲ, ಮೊಣಕಾಲು ನೋಯ್ತಾವ" ಎಂದು ಹೇಳಿ ಅವರನ್ನು ಎಳೆದುಕೊಂಡೇ ಬಂದಳು. ಬುಟ್ಟಿಯಲ್ಲಿದ್ದುದು ಚುರಮುರಿ. ಚುರಮುರಿ ಎಷ್ಟು ಭಾರವಿರುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು, ಕಾಕಾನಿಗೂ ಗೊತ್ತಿತ್ತು. ಆದರೂ ಹೊತ್ತು ತಂದು, ಮೇಜಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು.

ವೇದಿಕೆಯ ಮೇಲೆ ಆಂಕರ್ ಹುಡುಗ. ಪುಣೆಯ ಮೇ ತಿಂಗಳಿನಲ್ಲಿ ಮಿರಿಮಿರಿ ಮಿಂಚುವ ಜಾಕೀಟು ತೊಟ್ಟವನ ಧೈರ್ಯವನ್ನು ಮೆಚ್ಚಲೇಬೇಕು. "ಹಲೋ ಪುಣೇ! ಶೋರ್ ಮಚಾವೋ! ಔರ್ ಜೋರ್ ಸೇ!" ಎಂದು ಕೂಗುತ್ತಿದ್ದ.

ಕಾಕಾ ನನ್ನ ಕಡೆ ತಿರುಗಿ, "ಗದ್ದಲಾ ಮಾಡ್ರಿ ಅಂತಾನಲ್ಲವಾ ಇಂವಾ! ನಾ ನೌಕರಿ ತುಂಬ ಶಾಂತ ಇರ್ರಿ, ಶಾಂತ ಇರ್ರಿ ಅಂತ ಹೇಳಿ ಸತ್ತೆ" ಎಂದರು. ಹತ್ತು ದಿನಗಳಲ್ಲಿ ಅವರು ಆಡಿದ ಅತಿ ದೊಡ್ಡ ಮಾತು ಅದು. ಕಾಕು ಉಳ್ಳಾಗಡ್ಡಿ ಹೆಚ್ಚುತ್ತ ನನಗೆ ಕಣ್ಣು ಹೊಡೆದಳು.

ಅಲ್ಲಿಂದ ನಾನು ಚಿಮಣಿಯನ್ನು ಕರೆದುಕೊಂಡು ಪನ್ಹೆಯ ಮೇಜಿಗೆ ಹೋದೆ. ಅವಳಿಗೆ ಆಗ ಐದು ವರ್ಷ. ಎರಡೂ ಕೈಯಲ್ಲಿ ಲೋಟ ಹಿಡಿದು, ಎರಡು ಗುಟುಕು ಕುಡಿದು, ಮೂರನೆಯದಕ್ಕೆ ಯಾರದೋ ಮೊಣಕೈ ತಗುಲಿ, ಉಳಿದದ್ದನ್ನೆಲ್ಲ ನಾನು ಹೊದ್ದಿದ್ದ ಹೊಸ ಹಸಿರು ಓಢಣಿಯ ಮೇಲೆ ಸುರಿದುಬಿಟ್ಟಳು. "ಅಯ್ಯೋ! ಎಂಥಾ ಹುಡುಗಿ ನೀನು!" ಎಂದು ನಾನು ಗದರಿದೆ. ಬಹಳ ಜೋರಾಗೇನೂ ಅಲ್ಲ. ಆಗ ಅಲ್ಲ ಎನಿಸಿತ್ತು. ಬಗ್ಗಿ, ನೀರು ಕೇಳಿ, ಓಢಣಿ ಒರೆಸಿಕೊಂಡು ತಲೆ ಎತ್ತಿದೆ. ಮಗಳಿಲ್ಲ.

ಮೊದಲು ಸುಮ್ಮನೆ ಸುತ್ತ ನೋಡಿದೆ. ಆಮೇಲೆ ಕರೆದೆ. ಆಮೇಲೆ ಓಡಿದೆ. ಜಾರುಬಂಡಿ, ಜೋಕಾಲಿ, ಬಲೂನಿನವನು, ಎಲ್ಲೂ ಇಲ್ಲ. ತೋಟದ ಗೇಟು ಪೂರಾ ತೆರೆದಿತ್ತು. ಗೇಟಿನಿಂದ ನೂರು ಹೆಜ್ಜೆಗೆ ದೊಡ್ಡ ರಸ್ತೆ. ಸಂಜೆಯ ಹೊತ್ತಿಗೆ ಅಲ್ಲಿ ಬಸ್ಸು, ಡಂಪರು, ರಿಕ್ಷಾಗಳ ಮಧ್ಯೆ ದೊಡ್ಡವರಿಗೇ ದಾಟಲು ದಾರಿ ಇರುವುದಿಲ್ಲ. ನನ್ನ ಗಂಡ ಅತ್ತ ಓಡಿದ. ಕಾವಲುಗಾರ ಇನ್ನೊಂದು ಕಡೆ ಓಡಿದ. ನಾನು ವೇದಿಕೆಗೆ ಹೋಗಿ ಆಂಕರ್ ಹುಡುಗನಿಗೆ ಮಗಳ ಹೆಸರು ಹೇಳಿದೆ.

ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೂಗಿದ. ಎಷ್ಟು ದನಿ ಇತ್ತೋ ಅಷ್ಟನ್ನೂ ಹಾಕಿ ಕೂಗಿದ. "ಸಾನ್ವೀ! ಸಾನ್ವಿ ಬೇಟಾ, ಕಹಾಂ ಹೋ ತುಮ್? ಜಲ್ದೀ ಆವೋ! ಮಮ್ಮಾ ಬಹುತ್ ಗುಸ್ಸಾ ಹೋ ರಹೀ ಹೈ!"

ತೋಟದ ನಾಲ್ಕೂ ಮೂಲೆಯ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಅಮ್ಮನ ಸಿಟ್ಟನ್ನೇ 'ಗುಸ್ಸಾ, ಗುಸ್ಸಾ' ಎಂದು ಗುಡುಗಿದವು.

ಆಗ ಕಾಕಾ ಎದ್ದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತಿ, ಕೈ ಚಾಚಿ, "ಕೊಡಪಾ ಇಲ್ಲೆ. ಗುಸ್ಸಾ ಆಗ್ಯಾಳ ಅಂದ್ರ ಯಾವ ಕೂಸು ಹೊರಗ ಬರ್ತದ?" ಎಂದರು. ಹುಡುಗನಿಗೆ ಕನ್ನಡ ಅರ್ಥವಾಗಲಿಲ್ಲ. ಆದರೆ ಆ ಕೈ ಅರ್ಥವಾಯಿತು. ಮೈಕು ಕೊಟ್ಟ. ಕಾಕಾ ಕಾರ್ಯದರ್ಶಿಯ ಕಡೆ ತಿರುಗಿ, "ಆ ಹಾಡು, ಲೈಟು ಎಲ್ಲಾ ಬಂದ್ ಮಾಡಸ್ರಿ" ಎಂದರು. ಅವನು ಓಡಿಹೋಗಿ ಬಂದ್ ಮಾಡಿಸಿದ. ಆಮೇಲೆ ನನಗೆ ಮೆಲ್ಲಗೆ, "ಏನಾಗಿತ್ತು, ಬೈದಿದ್ದೇನು?" ಎಂದು ಕೇಳಿದರು. ನಾನು ಓಢಣಿ ತೋರಿಸಿದೆ. "ಹಂ" ಎಂದರು. ನನ್ನನ್ನು ವೇದಿಕೆಯ ಅಂಚಿನಲ್ಲಿ ಕೂರಿಸಿದರು.

ತೋಟವೆಲ್ಲ ಒಮ್ಮೆಗೇ ನಿಶ್ಶಬ್ದ. ಸಂಜೆಯ ಬೆಳಕು ಇನ್ನೂ ಇತ್ತು. ಕಾಕಾ ಮೈಕನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಮಾತಾಡಿದರು.

"ಚಿಮಣೀ, ನಾ ಅಜ್ಜ ಮಾತಾಡ್ಲಿಕ್ಕತ್ತೀನಿ, ಕೇಳಿಲ್ಲೆ. ನಿಮ್ಮ ಅವ್ವ ಕಳದಾಳ. ಹಸಿರು ಓಢಣಿ ಹಾಕ್ಕೊಂಡಾಳ, ಓಢಣಿ ಒದ್ದಿ ಆಗೇದ. ಹೆಸರು ಕೇಳಿದ್ರ 'ಚಿಮಣಿ ಅವ್ವ' ಅಂತ ಅಷ್ಟ ಹೇಳ್ಳಿಕ್ಕತ್ತಾಳ. ಭಾಳ ಅಂಜ್ಯಾಳ, ಅಳ್ಳಿಕ್ಕತ್ತಾಳ. ಅಕೀನ್ನ ನಾ ಇಲ್ಲೆ ಸ್ಟೇಜಿನ ಮ್ಯಾಲ ಕುಂದರಿಸೇನಿ. ಅಕೀಗೆ ಮನೀ ಹಾದಿ ಗೊತ್ತಿಲ್ಲ. ನೀ ಬಂದು ಕರಕೊಂಡು ಹೋಗವಾ. ಯಾರೂ ಯಾರಿಗೂ ಬೈಯೂದಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದರು. ಅದೇ ವೇಗ, ಅದೇ ದನಿ. ಒಂದು ಶಬ್ದವೂ ಅವಸರವಾಗಲಿಲ್ಲ. ನನಗೆ ಆ ಎರಡು ನಿಮಿಷ ಎರಡು ಬೇಸಿಗೆಯಷ್ಟು ಉದ್ದವಾಗಿದ್ದವು. ಮೂರನೆಯ ಸಲ "ನಿಮ್ಮ ಅವ್ವ ಕಳದಾಳ" ಎನ್ನುವಷ್ಟರಲ್ಲಿ ವಡಾಪಾವಿನ ಮೇಜಿಗೆ ನೆಲದವರೆಗೆ ಇಳಿಬಿಟ್ಟಿದ್ದ ಕೆಂಪು ಬಟ್ಟೆ ಅಲುಗಿತು. ಅದರಡಿಯಿಂದ ಒಂದು ತಲೆ ಹೊರಗೆ ಬಂತು.

ಚಿಮಣಿ ಓಡಲಿಲ್ಲ. ದೊಡ್ಡ ಜವಾಬ್ದಾರಿ ಹೊತ್ತವರ ಹಾಗೆ ಎಲ್ಲರ ಮಧ್ಯೆ ನಡೆದು ಬಂದು, ನನ್ನ ಎದುರು ನಿಂತು, ನನ್ನ ತೋರುಬೆರಳು ಹಿಡಿದುಕೊಂಡಳು. "ಎಲ್ಲಿ ಹೋಗಿದ್ದಿ ನೀ? ಅಳಬ್ಯಾಡ. ನಾ ಬಂದೇನಲ್ಲ," ಎಂದಳು.

ನಾನು ಅತ್ತೆ, ನಕ್ಕೆ, ಯಾವುದು ಮೊದಲು ಮಾಡಿದೆನೋ ನೆನಪಿಲ್ಲ. ಇಡೀ ತೋಟ ಚಪ್ಪಾಳೆ ಹೊಡೆಯಿತು. ಆಂಕರ್ ಹುಡುಗ ಜಾಕೀಟು ತೆಗೆದು ಬೆವರು ಒರೆಸಿಕೊಂಡು, ಕಾಕಾನ ಕಾಲು ಮುಟ್ಟಿದ. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ, "ಅಂಕಲ್, ಹೇಗೆ ಗೊತ್ತಾಯ್ತು ನಿಮಗೆ?" ಎಂದ.

"ಸ್ಟೇಷನ್ನಿನ್ಯಾಗ ಇದನ್ನಽ ನೋಡಕೋತ ಬಂದೇನ್ರಿ," ಎಂದರು ಕಾಕಾ. "ಕೂಸಿಗೆ ತಾ ಕಳದೀನಂತ ಗೊತ್ತಽ ಇರೂದಿಲ್ಲ. ಅದರ ಪಾಲಿಗೆ ಕಳದಾಕಿ ಅವ್ವ. ಬೈತಾರಂತ ಗೊತ್ತಾದ್ರ ಇನ್ನಷ್ಟು ಅಡಗತದ. ಅವ್ವ ಅಳ್ಳಿಕ್ಕತ್ತಾಳ ಅಂದ್ರ, ಎಲ್ಲೇ ಇರಲಿ, ಬರ್ತದ."

ನಿಜವಾಗಿ ಹೇಳುತ್ತೇನೆ, ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಕಾಕಾನಿಗೆ ಮೈಕು ಮರಳಿ ಸಿಕ್ಕಿತು, ನನಗೆ ಮಗಳು ಸಿಕ್ಕಳು, ಎಲ್ಲರೂ ಗಿರ್ಮಿಟ್ಟು ತಿಂದರು ಎಂದು ಬರೆದು ಪೆನ್ನು ಮುಚ್ಚಬಹುದಿತ್ತು. ಆದರೆ ಗಿರ್ಮಿಟ್ಟು ತಿನ್ನೋಣವೆಂದು ತಿರುಗಿದರೆ ಮೇಜಿನ ಹಿಂದೆ ಯಾರೂ ಇಲ್ಲ! ಅರ್ಧ ಹೆಚ್ಚಿದ ಉಳ್ಳಾಗಡ್ಡಿ ಹಾಗೇ ಬಿದ್ದಿದೆ, ಈಳಿಗೆ ಹಾಗೇ ಇದೆ.

ಕಾಕು ಎಲ್ಲಿ?

ನನ್ನ ಗಂಡ ಫೋನು ಮಾಡಿದ. ಚುರಮುರಿ ಬುಟ್ಟಿಯೊಳಗಿಂದ ಅವಳ ಫೋನು ರಿಂಗಾಯಿತು. ಪಕ್ಕದ ಮೇಜಿನವರು, "ಹುಡುಗಿ ಕಳೆದಿದ್ದಾಳೆ ಎಂದು ಗೊತ್ತಾದ ಕೂಡಲೇ ಗೇಟಿನ ಕಡೆ ಓಡಿದರು, ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ" ಎಂದರು. ಎಪ್ಪತ್ತು ವರ್ಷದ ಹೆಂಗಸು, ಮೊಣಕಾಲು ಬೇನೆ, ಸಂಜೆಯ ದೊಡ್ಡ ರಸ್ತೆ. ಮಗು ಸಿಕ್ಕ ಸುದ್ದಿ ಗೊತ್ತಿಲ್ಲದೆ ಅವಳು ಇನ್ನೂ ಹುಡುಕುತ್ತ ಎಲ್ಲಿಯವರೆಗೆ ಹೋಗಿರಬೇಕು?

ಕಾಕಾನ ಮುಖ ನೋಡಿದೆ. ಬಣ್ಣ ಇಳಿದಿತ್ತು. ಮೈಕನ್ನು ಮತ್ತೆ ಎತ್ತಿದರು. "ಎಲ್ಲರೂ ಲಕ್ಷ್ಯ ಕೊಡ್ರಿ..." ಎಂದರು. ನಿಂತರು.

ಗಾಡಿಯ ಹೆಸರು ಎಂದೂ ತಪ್ಪದ ಮನುಷ್ಯ, ಮುಂದಿನ ಶಬ್ದ ಸಿಗದೆ ನಿಂತುಬಿಟ್ಟರು! ಯಾರೋ ಕೆಳಗಿನಿಂದ, "ಕಾಕು ಅನ್ನಿ, ಕಾಕು!" ಎಂದು ಕೂಗಿದರು. ಪುಣೆಯಲ್ಲಿ ಮೈಕು ಹಿಡಿದು 'ಕಾಕು' ಎಂದರೆ ಕಾಲನಿಯ ಅರ್ಧ ಹೆಂಗಸರು 'ಕಾಯ ರೇ?' ಎಂದು ಓಡಿಬರುತ್ತಾರೆ. ಅದರಿಂದ ಉಪಯೋಗವಿಲ್ಲ. ಆಗ ನನಗೆ ಹೊಳೆಯಿತು. ಕಾಕಾ ಕಾಕುವನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ. 'ಏ', 'ಕೇಳಿಲ್ಲೆ', 'ಇಕಿ', 'ಒಳಗಿನಾಕಿ', ಇವೇ. ದೊಡ್ಡ ಕೂಡುಮನೆಯಲ್ಲಿ ಮದುವೆಯಾದವರು. ಹಿರಿಯರ ಎದುರು ಹೆಂಡತಿಯ ಹೆಸರೆತ್ತುವ ರೂಢಿ ಇರಲಿಲ್ಲ. ಹಿರಿಯರು ಹೋದರು, ನಾಚಿಕೆ ಉಳಿಯಿತು.

"ನೀಲಾ," ಎಂದರು ಕಾಕಾ.

ನಾಲ್ಕು ಮೂಲೆಯ ಪೆಟ್ಟಿಗೆಗಳಿಂದ ಆ ಹೆಸರು ಹೊರಟು ಗೇಟು ದಾಟಿ ಹೋಯಿತು. "ನೀಲಾ, ಕೂಸು ಸಿಕ್ಕದವಾ. ಇಲ್ಲೇ ಅದ, ಆರಾಮ ಅದ. ನೀ ಎಲ್ಲೆ ಇದ್ದೀ, ಅಲ್ಲಿಂದನ ಹೊಳ್ಳಿ ಬಾ. ರಸ್ತಾ ದಾಟಬ್ಯಾಡ, ಗಾಡಿ ಭಾಳ ಅವ. ನಾ ಗೇಟಿಗೆ ಬಂದು ನಿಂದರ್ತೀನಿ."

ಮರಾಠಿಯಲ್ಲಿ ಹೇಳಲಿಲ್ಲ. ಹಿಂದಿಯಲ್ಲೂ ಹೇಳಲಿಲ್ಲ. ಮೈಕನ್ನು ಮೇಜಿನ ಮೇಲೆ ಇಟ್ಟು, ಮೆಟ್ಟಿಲಿಳಿದು, ಕಾಕುವಿನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಗೇಟಿಗೆ ಹೋಗಿ ನಿಂತರು. ಮಗಳ ಕೈ ಹಿಡಿದು ನಾನೂ ಅವರ ಹಿಂದೆ ಹೋದೆ.

ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಕಾಕು ಕಾಣಿಸಿದಳು. ಔಷಧದ ಅಂಗಡಿಯವರೆಗೆ ಹೋಗಿದ್ದಳಂತೆ, ರಸ್ತೆ ದಾಟಲು ನಿಂತಿದ್ದಳಂತೆ. ಬರಿಗಾಲಿನಲ್ಲಿ, ಸೆರಗು ಎಳೆದುಕೊಳ್ಳುತ್ತ, ಕುಂಟುತ್ತ ಬಂದಳು. ಬಂದವಳೇ ನನ್ನ ಮಗಳ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿ, "ಏನ್ರೀ ಇದು? ಊರ ತುಂಬ ಹಿಂಗ ಹೆಸರು ಹಿಡದು ಒದರತಾರೇನು? ಆ ಔಷಧ ಅಂಗಡಿಯಾಂವ ನನ್ನ ಮಾರಿ ನೋಡಿ ನಕ್ಕ!" ಎಂದು ಬೈದಳು. ಕಾಕಾ ಬಗ್ಗಿ ಚಪ್ಪಲಿಗಳನ್ನು ಅವಳ ಕಾಲ ಬಳಿ ಇಟ್ಟರು.

ಮೇಳ ಅಲ್ಲಿಗೆ ಬಿಟ್ಟು ಎಲ್ಲರೂ ಮನೆಯ ಕಡೆ ಹೊರಟೆವು. ಅವರಿಬ್ಬರು ಮುಂದೆ, ಚಿಮಣಿಯನ್ನು ಎತ್ತಿಕೊಂಡು ನಾನು ನಾಲ್ಕು ಹೆಜ್ಜೆ ಹಿಂದೆ. ಕಾಕುವಿನ ಕಾಲು ನೋಯುತ್ತಿದ್ದುದರಿಂದ ಮೆಲ್ಲಗೆ ನಡೆಯುತ್ತಿದ್ದರು. ಗುಲ್‌ಮೊಹರಿನ ಹೂವು ರಸ್ತೆಯ ತುಂಬ ಬಿದ್ದಿತ್ತು. ಅವರ ಕಟ್ಟಡದ ಹತ್ತಿರ ಬಂದಾಗ ಕಾಕು ನಿಂತಳು. ಹಿಂದೆ ಯಾರಿದ್ದಾರೆಂದು ನೋಡಲಿಲ್ಲ.

"ಇನ್ನೊಮ್ಮೆ ಅನ್ರಿ," ಎಂದಳು.

"ಏನು?"

"ಅದಽ. ಮೈಕಿನ್ಯಾಗ ಅಂದ್ರಲ್ಲ, ಅದು."

ಕಾಕಾ ಅತ್ತಿತ್ತ ನೋಡಿದರು. ತಲೆ ಬಗ್ಗಿಸಿ, ಅವಳ ಕಿವಿಯ ಹತ್ತಿರ ಏನೋ ಅಂದರು. ಎಷ್ಟು ಮೆಲ್ಲಗೆ ಅಂದರೆ, ನಾಲ್ಕೇ ಹೆಜ್ಜೆ ಹಿಂದೆ ನಿಂತಿದ್ದ ನನಗೆ ಅದು ಕೇಳಿಸಲಿಲ್ಲ.